ಗುತ್ತಿಗೆದಾರರ ಕಚೇರಿಗೆ ಬಂದ ಕಂಪ್ಯೂಟರಿನ ಫಲವನ್ನು ಅಳೆಯುವುದು ಹೇಗೆ?

ದಾವಣಗೆರೆಯ ಮಧ್ಯಮ ಗಾತ್ರದ ಕಟ್ಟಡ ಗುತ್ತಿಗೆ ಸಂಸ್ಥೆಯೊಂದು ತನ್ನ ಉಗ್ರಾಣದ ಲೆಕ್ಕವನ್ನು ಪುಸ್ತಕದಿಂದ ತಂತ್ರಾಂಶಕ್ಕೆ ವರ್ಗಾಯಿಸಿದ ಕೆಲವೇ ತಿಂಗಳಲ್ಲಿ ಪರದೆಯ ಮೇಲೆ ಕಬ್ಬಿಣದ ಕೊರತೆಯೊಂದು ಕಾಣಿಸಿಕೊಂಡಿತು. ಲಾರಿಯಿಂದ ಇಳಿದದ್ದು ಹತ್ತು ಟನ್ 12 ಎಂಎಂ ಕಬ್ಬಿಣ. ತಂತ್ರಾಂಶದ ಪ್ರಕಾರ ಅದರಲ್ಲಿ 12 ಮೀಟರ್ ಉದ್ದದ 937 ರಾಡುಗಳು ಇರಬೇಕಿತ್ತು. ಸೈಟಿನಲ್ಲಿ ಎಣಿಸಿದಾಗ ಸಿಕ್ಕಿದ್ದು 901. ಮೂವತ್ತಾರು ರಾಡುಗಳು ಎಲ್ಲಿ ಹೋದವು ಎಂಬ ಪ್ರಶ್ನೆ ಮಾಲೀಕರಿಂದ ಎಂಜಿನಿಯರಿಗೆ, ಎಂಜಿನಿಯರಿಂದ ಸ್ಟೋರ್‌ಕೀಪರಿಗೆ ಇಳಿಯಿತು. ವರ್ಷಗಟ್ಟಲೆ ಒಂದು ಸಿಮೆಂಟ್ ಚೀಲವೂ ಹೆಚ್ಚುಕಡಿಮೆ ಆಗದಂತೆ ನೋಡಿಕೊಂಡಿದ್ದ ಆ ಮನುಷ್ಯ ಮುನಿಸಿಕೊಂಡು ಎರಡು ದಿನ ಕೆಲಸಕ್ಕೇ ಬರಲಿಲ್ಲ. ಹೊಸ ವ್ಯವಸ್ಥೆಯಿಂದ ನಿಜವಾಗಿ ಲಾಭವಾಗಿದೆಯೇ ಎಂದು ನೋಡಿಕೊಡಲು ನನ್ನನ್ನು ಕರೆದದ್ದು ಆ ವಾರದಲ್ಲಿಯೇ.

ಕಳ್ಳತನ ನಡೆದಿರಲಿಲ್ಲ. ರಾಡಿನ ವ್ಯಾಸವನ್ನು ಎಂಎಂನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆ.ಜಿ.ಯಲ್ಲಿ ಸಿಗುತ್ತದೆ ಎಂಬುದು ಕಬ್ಬಿಣ ಕಟ್ಟುವವರಿಗೂ ಬಾಯಿಪಾಠವಾಗಿರುವ ಸೂತ್ರ. ಆ ಲೆಕ್ಕದಲ್ಲಿ 12 ಎಂಎಂ ರಾಡು ಮೀಟರಿಗೆ 0.889 ಕೆ.ಜಿ., ಅಂದರೆ ಪೂರ್ತಿ ಉದ್ದದ ಒಂದು ರಾಡು ಸುಮಾರು 10.67 ಕೆ.ಜಿ. ತೂಗಬೇಕು. ಆದರೆ ಕಾರ್ಖಾನೆಯಲ್ಲಿ ರಾಡು ರೋಲರುಗಳ ನಡುವೆ ಒತ್ತಿಸಿಕೊಂಡು ಬರುವಾಗ ಅದರ ದಪ್ಪದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಆಗಿಯೇ ಆಗುತ್ತದೆ. 10 ಎಂಎಂಗಿಂತ ದಪ್ಪಗಿನ, 16 ಎಂಎಂವರೆಗಿನ ರಾಡುಗಳ ತೂಕದಲ್ಲಿ ಶೇ 5ರಷ್ಟು ಏರುಪೇರನ್ನು ಕಬ್ಬಿಣದ ರಾಡುಗಳ ಭಾರತೀಯ ಮಾನಕ ಐಎಸ್ 1786 ಒಪ್ಪುತ್ತದೆ. ವ್ಯಾಪಾರದ ಮಾತಿನಲ್ಲಿ ಇದನ್ನು ರೋಲಿಂಗ್ ಮಾರ್ಜಿನ್ ಎನ್ನುತ್ತಾರೆ. ಆ ದಿನ ಬಂದ ಕಬ್ಬಿಣ ಶೇ 4ರಷ್ಟು ಭಾರವಾಗಿತ್ತು. ಮಾರಿದವರು ವೇಬ್ರಿಡ್ಜಿನ ತೂಕಕ್ಕೆ ಬಿಲ್ ಹಾಕಿದರು, ತಂತ್ರಾಂಶ ಸೂತ್ರದ ತೂಕಕ್ಕೆ ರಾಡು ಎಣಿಸಿತು, ಸೈಟಿನವರು ಕಣ್ಣೆದುರಿಗಿದ್ದ ರಾಡುಗಳನ್ನು ಎಣಿಸಿದರು. ಮೂರೂ ಲೆಕ್ಕಗಳು ತಮ್ಮ ತಮ್ಮ ಮಟ್ಟಿಗೆ ಸರಿಯಾಗಿದ್ದವು.

ಈ ತಂತ್ರಾಂಶ ಪರಿಣಾಮಕಾರಿಯೇ ಅಲ್ಲವೇ ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಅಷ್ಟು ಸುಲಭವಲ್ಲ. ಪುಸ್ತಕದ ಕಾಲದಲ್ಲಿ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ; ಈಗ ಬಿತ್ತು, ಆದರೆ ತಪ್ಪು ಅರ್ಥ ಕೊಟ್ಟು ಒಬ್ಬ ಪ್ರಾಮಾಣಿಕನನ್ನು ನೋಯಿಸಿತು. ವಿಷಯ ತಿಳಿದ ಮೇಲೆ ಆ ಸಂಸ್ಥೆಯವರು ಪ್ರತಿ ಲೋಡಿನಿಂದ ಐದು ರಾಡು ತೆಗೆದು ತೂಗಿ, ನಿಜವಾದ ತೂಕವನ್ನೇ ತಂತ್ರಾಂಶಕ್ಕೆ ಕೊಡಲು ಆರಂಭಿಸಿದರು. ಭಾರದ ರಾಡು ಕೊಳ್ಳುವುದೆಂದರೆ ನಕ್ಷೆ ಕೇಳದ ಕಬ್ಬಿಣಕ್ಕೂ ಹಣ ತೆರುವುದು ಎಂಬುದನ್ನು ಮನಗಂಡು, ಖರೀದಿಯ ಮಾತುಕತೆಯಲ್ಲಿ ದರದ ಜೊತೆಗೆ ರೋಲಿಂಗ್ ಮಾರ್ಜಿನ್ನನ್ನೂ ಕೇಳತೊಡಗಿದರು. ಲಾಭ ಎಂಬುದು ಹುಟ್ಟಿದ್ದು ಅಲ್ಲಿ. ಒಂದು ಕಟ್ಟಡ ಸಂಸ್ಥೆ ಮಾಹಿತಿ ತಂತ್ರಜ್ಞಾನವನ್ನು ಎಷ್ಟು ಚೆನ್ನಾಗಿ ಬಳಸುತ್ತಿದೆ ಎಂದು ನೋಡುವವರು ಅದು ಏನೇನು ಕೊಂಡಿದೆ, ಎಷ್ಟು ಜನ ಲಾಗಿನ್ ಆಗುತ್ತಾರೆ ಎಂಬುದಕ್ಕಿಂತ, ಅದರಿಂದ ಬಂದ ಮಾಹಿತಿ ಯಾವ ತೀರ್ಮಾನವನ್ನು ಬದಲಿಸಿತು ಮತ್ತು ಆ ತೀರ್ಮಾನಕ್ಕೆ ಸಕಾಲದಲ್ಲಿ ಒದಗಿತೇ ಎಂಬುದನ್ನು ಹುಡುಕಬೇಕು ಎಂಬುದು ನನ್ನ ನಿಲುವು.

ಕಂಪ್ಯೂಟರಿನ ಫಲ ಅಂಕಿಗಳಲ್ಲಿ ಕಾಣಿಸದ ಈ ತೊಡಕು ಹಳೆಯದು. ಕಂಪ್ಯೂಟರ್ ಯುಗ ಎಲ್ಲೆಲ್ಲೂ ಕಾಣುತ್ತಿದೆ, ಉತ್ಪಾದಕತೆಯ ಅಂಕಿಅಂಶಗಳಲ್ಲಿ ಮಾತ್ರ ಕಾಣುತ್ತಿಲ್ಲ ಎಂದು ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ 1987ರಲ್ಲಿಯೇ ಹೇಳಿದ್ದರು. ಉಳಿದ ಉದ್ಯಮಗಳು ಆ ಮಾತನ್ನು ಒಂದಿಷ್ಟು ಸುಳ್ಳು ಮಾಡಿದವು, ಕಟ್ಟಡ ಉದ್ಯಮ ಹಿಂದೆ ಉಳಿಯಿತು. ಮೆಕಿನ್ಸಿ ಎಂಬ ಸಲಹಾ ಸಂಸ್ಥೆಯ 2017ರ ವರದಿಯ ಪ್ರಕಾರ ಅದಕ್ಕೆ ಹಿಂದಿನ ಎರಡು ದಶಕಗಳಲ್ಲಿ ಜಗತ್ತಿನ ಒಟ್ಟು ಆರ್ಥಿಕತೆಯಲ್ಲಿ ಕಾರ್ಮಿಕ ಉತ್ಪಾದಕತೆ ವರ್ಷಕ್ಕೆ ಸರಾಸರಿ ಶೇ 2.8ರಷ್ಟು ಬೆಳೆದಿದ್ದರೆ, ಕಟ್ಟಡ ನಿರ್ಮಾಣದಲ್ಲಿ ಬೆಳೆದದ್ದು ಶೇ 1ರಷ್ಟು ಮಾತ್ರ. ಕಾರಣ ಕೆಲಸದ ಸ್ವಭಾವದಲ್ಲಿಯೇ ಇದೆ. ಹರಿಹರದ ಕಾರ್ಖಾನೆಯಲ್ಲಿ ಒಂದೇ ಯಂತ್ರ ಒಂದೇ ಜಾಗದಲ್ಲಿ ವರ್ಷಾನುಗಟ್ಟಲೆ ಒಂದೇ ವಸ್ತುವನ್ನು ತಯಾರಿಸುತ್ತದೆ. ಗುತ್ತಿಗೆದಾರನಿಗೆ ಮಾತ್ರ ಪ್ರತಿ ಕಟ್ಟಡವೂ ಹೊಸದು, ನೆಲ ಹೊಸದು, ಸೆಂಟ್ರಿಂಗ್ ತಂಡ ಹೊಸದು, ಮೇಸ್ತ್ರಿಯೂ ಕೆಲವೊಮ್ಮೆ ಹೊಸಬ. ಕಳೆದ ವರ್ಷ ಜಗಳೂರಿನಲ್ಲಿ ಕಟ್ಟಿದ ಶಾಲೆಯನ್ನು ಈ ವರ್ಷ ಹೊಳಲ್ಕೆರೆಯಲ್ಲಿ ಕಟ್ಟುತ್ತಿರುವ ವಸತಿಗೃಹದ ಪಕ್ಕಕ್ಕಿಟ್ಟು, ನಡುವೆ ಕೊಂಡ ತಂತ್ರಾಂಶದಿಂದ ಇಷ್ಟು ಉಳಿತಾಯವಾಯಿತು ಎನ್ನುವುದಕ್ಕೆ ನ್ಯಾಯವಾದ ಆಧಾರವಿರುವುದಿಲ್ಲ.

ಅಳತೆಗೆ ಕೈಹಾಕುವ ಮುನ್ನ, ಕಡ್ಡಾಯಕ್ಕೆ ಬಳಸುವ ತಂತ್ರಜ್ಞಾನವನ್ನು ಬೇರೆ ಇಡಬೇಕು. ಸರ್ಕಾರಿ ಕಾಮಗಾರಿಯ ಟೆಂಡರು ಇಂದು ಆನ್‌ಲೈನಿನಲ್ಲಿಯೇ ಸಲ್ಲಿಕೆಯಾಗಬೇಕು. ವಾರ್ಷಿಕ ವಹಿವಾಟು ಐದು ಕೋಟಿ ರೂಪಾಯಿ ಮೀರಿದವರು ಬೇರೆ ವ್ಯವಹಾರ ಸಂಸ್ಥೆಗಳಿಗೆ ಕೊಡುವ ಬಿಲ್ಲಿಗೆ 2023ರ ಆಗಸ್ಟ್ 1ರಿಂದ ಜಿಎಸ್‌ಟಿ ಇ-ಇನ್‌ವಾಯ್ಸ್ ಮಾಡಲೇಬೇಕು. ಮನೆ, ನಿವೇಶನಗಳ ಮಾರಾಟವನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆಯಡಿ ನೋಂದಾಯಿತ ಯೋಜನೆಗಳು ತಮ್ಮ ಪ್ರಗತಿಯನ್ನು ಮೂರು ತಿಂಗಳಿಗೊಮ್ಮೆ ಜಾಲತಾಣದಲ್ಲಿ ತೋರಿಸಲೇಬೇಕು. 2016ರ ಜನವರಿಯಲ್ಲಿ ಪ್ರಕಟವಾದ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯ ಇಪ್ಪತ್ತು ನಗರಗಳಲ್ಲಿ ಬೆಳಗಾವಿಯ ಜೊತೆ ದಾವಣಗೆರೆಯೂ ಇದ್ದುದರಿಂದ ಇಲ್ಲಿನ ಗುತ್ತಿಗೆದಾರರಿಗೆ ಇಂಥ ಶಿಸ್ತು ಸಾಕಷ್ಟು ಮೊದಲೇ ಪರಿಚಯವಾಯಿತು. ಆದರೆ ಕಾನೂನಿಗಾಗಿ ಮಾಡುವ ಕೆಲಸ ಸಂಸ್ಥೆಯ ಜಾಣತನಕ್ಕೆ ಸಾಕ್ಷಿಯಾಗುವುದಿಲ್ಲ. ಎಷ್ಟೋ ಗುತ್ತಿಗೆದಾರರ ಡಿಜಿಟಲ್ ಸಹಿಯ ಪೆನ್‌ಡ್ರೈವ್ ಅವರ ಜೇಬಿನಲ್ಲಿರದೆ ಟೆಂಡರ್ ತುಂಬಿಕೊಡುವ ಹುಡುಗನ ಮೇಜಿನ ಡ್ರಾಯರಿನಲ್ಲಿ ಇರುತ್ತದೆ. ಅಂಥವರು ಕಾಗದದ ಮೇಲೆ ನೂರಕ್ಕೆ ನೂರು ಗಣಕೀಕೃತರು.

ಮಾಹಿತಿ ವ್ಯವಸ್ಥೆಯ ಯಶಸ್ಸನ್ನು ನೋಡುವ ಬಗೆಯನ್ನು ವಿಲಿಯಂ ಡಿಲೋನ್ ಮತ್ತು ಎಫ್ರೇಮ್ ಮೆಕ್‌ಲೀನ್ 1992ರಲ್ಲಿ ಒಂದು ಚೌಕಟ್ಟಿಗೆ ತಂದರು, 2003ರಲ್ಲಿ ಪರಿಷ್ಕರಿಸಿದರು. ವ್ಯವಸ್ಥೆ ಎಷ್ಟು ಗಟ್ಟಿಯಾಗಿದೆ, ಅದರೊಳಗಿನ ಮಾಹಿತಿ ಎಷ್ಟು ನಂಬಲರ್ಹವಾಗಿದೆ, ಕೆಟ್ಟರೆ ಸರಿಮಾಡುವವರು ಸಿಗುತ್ತಾರೆಯೇ ಎಂಬ ಮೂರು ಗುಣಗಳಿಂದ ಬಳಕೆಯೂ ಬಳಸುವವರ ತೃಪ್ತಿಯೂ ಹುಟ್ಟುತ್ತವೆ. ಆ ಎರಡರಿಂದ ಕೊನೆಗೆ ನಿವ್ವಳ ಪ್ರಯೋಜನ ಬರುತ್ತದೆ. ಪ್ರಯೋಜನ ಕಂಡರೆ ಬಳಕೆ ಮತ್ತೆ ಹೆಚ್ಚುತ್ತದೆ ಎಂಬುದು ಅದರ ಸಾರ. ಈ ಚೌಕಟ್ಟಿನ ಉಪಯೋಗವೆಂದರೆ, ಪ್ರಯೋಜನ ಕಾಣದಿದ್ದಾಗ ಸರಪಳಿ ಎಲ್ಲಿ ಕಡಿದಿದೆ ಎಂದು ಹಿಂದಕ್ಕೆ ನಡೆದು ಹುಡುಕಬಹುದು. ನಾನು ನೋಡಿದ ಮಟ್ಟಿಗೆ ನಮ್ಮ ಕಡೆಯ ಸಂಸ್ಥೆಗಳಲ್ಲಿ ಅದು ಕಡಿಯುವುದು ಹೆಚ್ಚಾಗಿ ಎರಡನೆಯ ಕೊಂಡಿಯಲ್ಲಿ, ಅಂದರೆ ಮಾಹಿತಿಯ ಗುಣದಲ್ಲಿ.

ಇದಕ್ಕೊಂದು ಉದಾಹರಣೆ ಕೊಡುತ್ತೇನೆ. ಮೊದಲು ಹೇಳಿದ ಉಗ್ರಾಣದ ಪಟ್ಟಿಯನ್ನು ತೆರೆದಾಗ ಒಂದೇ ಜಲ್ಲಿ ಅಲ್ಲಿ ಮೂರು ಹೆಸರುಗಳಲ್ಲಿ ಕುಳಿತಿತ್ತು: ಎಂಜಿನಿಯರ್ ಬರೆದ ‘20 ಎಂಎಂ ಜೆಲ್ಲಿ’, ಲೆಕ್ಕಿಗರು ಬಿಲ್ ನೋಡಿ ಬರೆದ ‘ಮೆಟಲ್ 20’, ಸ್ಟೋರಿನ ಸಹಾಯಕ ಬರೆದ ‘ಮುಕ್ಕಾಲಿಂಚು ಜಲ್ಲಿ’. ಮೂರಕ್ಕೂ ಬೇರೆ ಬೇರೆ ದಾಸ್ತಾನು. ಅದರಲ್ಲೂ ಒಂದು ಟನ್ನಿನಲ್ಲಿ, ಒಂದು ಘನ ಅಡಿಯಲ್ಲಿ, ಇನ್ನೊಂದು ಟಿಪ್ಪರ್ ಲೋಡಿನಲ್ಲಿ. ಒಂದು ಹೆಸರಿನ ದಾಸ್ತಾನು ಸೊನ್ನೆಗಿಂತ ಕೆಳಗಿಳಿದು ಕೆಂಪು ಬಣ್ಣದಲ್ಲಿ ಮಿನುಗುತ್ತಿದ್ದಾಗ ಇನ್ನೊಂದು ಹೆಸರಿನಲ್ಲಿ ಗುಡ್ಡದಷ್ಟು ಜಲ್ಲಿ ಇತ್ತು. ತಂತ್ರಾಂಶವನ್ನು ಬದಲಿಸಬೇಕು ಎಂದು ಮಾಲೀಕರು ಅಷ್ಟರಲ್ಲಿಯೇ ಯೋಚಿಸಿದ್ದರು. ಬದಲಿಸಬೇಕಾದದ್ದು ಪಟ್ಟಿಯನ್ನು, ಅದಕ್ಕೆ ಒಂದು ಮಧ್ಯಾಹ್ನ ಹಿಡಿಯಿತು.

ಬಳಕೆಯ ಅಳತೆಯಲ್ಲಿಯೂ ಮೋಸ ಹೋಗುವ ಸಂಭವ ಹೆಚ್ಚು. ದಿನಾಂಕವಾರು ನಮೂದುಗಳು ಎಲ್ಲವೂ ಭರ್ತಿಯಾಗಿವೆ ಎಂದು ವರದಿ ತೋರಿಸಬಹುದು. ಆದರೆ ಪ್ರತಿ ನಮೂದನ್ನು ಯಾವ ದಿನದ ಲೆಕ್ಕಕ್ಕೆ ಬರೆದಿದ್ದಾರೆ ಎಂಬುದರ ಜೊತೆಗೆ ಯಾವ ಗಳಿಗೆಯಲ್ಲಿ ಬೆರಳಚ್ಚಿಸಿದ್ದಾರೆ ಎಂಬುದನ್ನೂ ಬಹುತೇಕ ತಂತ್ರಾಂಶಗಳು ಒಳಗೊಳಗೇ ಗುರುತಿಟ್ಟುಕೊಳ್ಳುತ್ತವೆ. ಆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಸೋಮವಾರದಿಂದ ಶನಿವಾರದವರೆಗಿನ ಆರೂ ದಿನಗಳ ಸಿಮೆಂಟ್ ಖರ್ಚು ಶನಿವಾರ ಸಂಜೆ ಐದರಿಂದ ಆರರೊಳಗೆ, ಬಟವಾಡೆಗೆ ಮೊದಲು ಲೆಕ್ಕ ಕೇಳುತ್ತಾರೆಂಬ ಕಾರಣಕ್ಕೆ ತುಂಬಿದ್ದು ಕಂಡುಬಂತು. ಅಂಕಿಗಳೂ ಇಪ್ಪತ್ತು, ಮೂವತ್ತು, ಐವತ್ತು ಚೀಲ ಎಂದು ದುಂಡು ದುಂಡಾಗಿದ್ದವು. ನಿಜವಾಗಿ ಎಣಿಸಿದ ಲೆಕ್ಕದಲ್ಲಿ ಹದಿನೇಳು, ಇಪ್ಪತ್ಮೂರು ಬರುತ್ತವೆ. ಆರು ದಿನವೂ ಸೊನ್ನೆಯಲ್ಲಿ ಮುಗಿಯುವ ಲೆಕ್ಕ ನೆನಪಿನಿಂದ ಬರೆದದ್ದು. ಸಂಸ್ಥೆಯ ಯಾವ ನೌಕರನನ್ನೂ ಪ್ರಶ್ನಿಸದೆ ಮಾಡಬಹುದಾದ ಈ ಪರೀಕ್ಷೆಗೆ ಖರ್ಚೂ ಇಲ್ಲ.

ಸಕಾಲ ಎಂಬ ಮಾತಿಗೆ ಕಟ್ಟಡದಲ್ಲಿ ತೀರ ಸ್ಪಷ್ಟವಾದ ಅರ್ಥವಿದೆ. ಛಾವಣಿಗೆ ಕಾಂಕ್ರೀಟ್ ಹಾಕುವ ದಿನ 150 ಎಂಎಂ ಅಳತೆಯ ಘನಗಳನ್ನು ಎರಕ ಹೊಯ್ದು, ಕೆಲವನ್ನು ಏಳನೆಯ ದಿನ, ಉಳಿದವನ್ನು 28ನೆಯ ದಿನ ಒಡೆದು ಬಲ ನೋಡುತ್ತಾರೆ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಕಾಂಕ್ರೀಟಿನಲ್ಲಿ, ನಾಲ್ಕೂವರೆ ಮೀಟರ್‌ವರೆಗಿನ ಅಂತರದ ಛಾವಣಿಯ ಕೆಳಗಿನ ಆಧಾರಗಂಬಗಳನ್ನು ಕನಿಷ್ಠ ಏಳು ದಿನ, ಅದಕ್ಕಿಂತ ಹೆಚ್ಚಿನ ಅಂತರವಿದ್ದರೆ ಹದಿನಾಲ್ಕು ದಿನ ತೆಗೆಯಬಾರದು ಎಂದು ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಹಾಗಾದರೆ ಏಳನೆಯ ದಿನದ ಫಲಿತಾಂಶಕ್ಕೆ ಬೆಲೆಯಿರುವುದು ಆಧಾರ ತೆಗೆಯುವ ಮುನ್ನ ಅದು ಸೈಟಿನ ಎಂಜಿನಿಯರ್ ಕೈಸೇರಿದರೆ ಮಾತ್ರ. ಪ್ರಯೋಗಾಲಯದಿಂದ ಬಂದ ಕಾಗದವನ್ನು ಇಪ್ಪತ್ತನೆಯ ದಿನ ಅಂದವಾಗಿ ಸ್ಕ್ಯಾನ್ ಮಾಡಿ, ಸರಿಯಾದ ಕಡತದಲ್ಲಿ, ಸರಿಯಾದ ಹೆಸರಿನಲ್ಲಿ ಇಟ್ಟ ಸಂಸ್ಥೆಗೆ ದಾಖಲಾತಿಯಲ್ಲಿ ಪೂರ್ಣಾಂಕ ಸಿಗಬಹುದು, ಆದರೆ ಆ ಛಾವಣಿಯ ವಿಷಯದಲ್ಲಿ ಅದರ ತಂತ್ರಜ್ಞಾನ ಮಾಡಿದ ಕೆಲಸ ಸೊನ್ನೆ. ಮೇಸ್ತ್ರಿಗೆ ಏಳನೆಯ ದಿನ ಸಂಜೆ ‘ರಿಸಲ್ಟ್ ಚೆನ್ನಾಗಿ ಬಂದಿದೆ, ನಾಳೆ ಬಿಚ್ಚಬಹುದು’ ಎಂದು ಹೋದ ಒಂದು ಧ್ವನಿ ಸಂದೇಶ ಅದಕ್ಕಿಂತ ಹೆಚ್ಚು ಪರಿಣಾಮಕಾರಿ.

ಧ್ವನಿ ಸಂದೇಶದ ಮಾತು ಬಂದದ್ದರಿಂದ ಹೇಳುತ್ತೇನೆ: ಸಂಸ್ಥೆಯಲ್ಲಿ ಯಾವ ಯಾವ ತಂತ್ರಜ್ಞಾನ ಬಳಕೆಯಲ್ಲಿದೆ ಎಂದು ಕೇಳಿದಾಗ ಯಾರೂ ವಾಟ್ಸ್‌ಆ್ಯಪ್ ಹೆಸರು ಹೇಳುವುದಿಲ್ಲ, ಎಲ್ಲರೂ ಬಳಸುವುದು ಮಾತ್ರ ಅದನ್ನೇ. ಮೌಲ್ಯಮಾಪನದ ಪಟ್ಟಿಯಿಂದ ಅದನ್ನು ಬಿಟ್ಟರೆ ಅರ್ಧ ಸಂಸ್ಥೆಯನ್ನೇ ಬಿಟ್ಟಂತೆ. ಓದುಬರಹ ಹೆಚ್ಚಿಲ್ಲದ ಮೇಸ್ತ್ರಿಯೂ ಅದರಲ್ಲಿ ಕನ್ನಡದಲ್ಲಿಯೋ ಉರ್ದುವಿನಲ್ಲಿಯೋ ಮಾತಾಡಿ ಕಳಿಸುತ್ತಾನೆ, ಬಿರುಕು ಬಿಟ್ಟ ಗೋಡೆಯ ಚಿತ್ರ ಹಾಕುತ್ತಾನೆ, ಉತ್ತರವೂ ಬೇಗ ಬರುತ್ತದೆ. ಕಷ್ಟವಿರುವುದು ನಕ್ಷೆಗಳನ್ನು ಅದರಲ್ಲಿ ಕಳಿಸುವ ಅಭ್ಯಾಸದಿಂದ. ವಿನ್ಯಾಸಕಾರರು ಮೆಟ್ಟಿಲಿನ ನಕ್ಷೆಯನ್ನು ಮೂರು ಬಾರಿ ತಿದ್ದಿ ಮೂರು ಬಾರಿ ಕಳಿಸಿದಾಗ, ಕಬ್ಬಿಣ ಬಗ್ಗಿಸಿ ಕಟ್ಟುವ ಬಾರ್ ಬೆಂಡರಿನ ಫೋನಿನಲ್ಲಿ ಮೇಲೆ ಉಳಿದಿರುವುದು ಯಾವುದು ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ನಾನು ಸೈಟಿಗೆ ಹೋದಾಗ ಕಬ್ಬಿಣ ಕಟ್ಟುತ್ತಿರುವವರ ಕೈಯಲ್ಲಿರುವ ನಕ್ಷೆಯ ಪರಿಷ್ಕರಣ ಸಂಖ್ಯೆಯನ್ನು ನೋಡಿ, ಕಚೇರಿಯ ಇತ್ತೀಚಿನ ಸಂಖ್ಯೆಗೆ ಹೋಲಿಸುತ್ತೇನೆ. ಹತ್ತು ಕಡೆ ನೋಡಿದರೆ ಎಷ್ಟು ಕಡೆ ತಾಳೆಯಾಯಿತು ಎಂಬ ಒಂದು ಸಂಖ್ಯೆ, ದುಬಾರಿ ನಕ್ಷಾ ನಿರ್ವಹಣಾ ತಂತ್ರಾಂಶದ ಎಲ್ಲ ವರದಿಗಳಿಗಿಂತ ಹೆಚ್ಚು ಹೇಳುತ್ತದೆ. ಮೂರು ಆಯಾಮದ ಮಾದರಿಯಲ್ಲಿ ಇಡೀ ಕಟ್ಟಡದ ಮಾಹಿತಿಯನ್ನು ಕೂಡಿಸಿಡುವ ಬಿಮ್ ಪದ್ಧತಿಯನ್ನು ಬ್ರಿಟನ್ 2016ರಿಂದ ಕೇಂದ್ರ ಸರ್ಕಾರದ ಕಾಮಗಾರಿಗಳಿಗೆ ಕಡ್ಡಾಯ ಮಾಡಿದೆ. ಅದರ ಪ್ರಬುದ್ಧತೆಯನ್ನು ಅಳೆಯುವ ಕೋಷ್ಟಕಗಳೂ ಇವೆ. ಮೂರಂತಸ್ತಿನ ವಸತಿಗೃಹ ಕಟ್ಟುವವರು ಆ ಕೋಷ್ಟಕದಲ್ಲಿ ತಮ್ಮನ್ನು ತಾವು ಹುಡುಕಿಕೊಂಡು ಕೊರಗುವ ಅಗತ್ಯವಿಲ್ಲ.

ಹಣದ ಮಾತಿಗೆ ಬಂದರೆ, ಗುತ್ತಿಗೆದಾರನಿಗೆ ಅತ್ಯಂತ ಹತ್ತಿರದ ಅಳತೆ ಒಂದು ಹಂತದ ಕೆಲಸ ಮುಗಿದ ದಿನಕ್ಕೂ ಅದರ ರನ್ನಿಂಗ್ ಬಿಲ್ (ಅಲ್ಲಿಯವರೆಗೆ ಆದ ಕೆಲಸದ ಬಿಲ್ಲು) ಸಲ್ಲಿಕೆಯಾದ ದಿನಕ್ಕೂ ನಡುವಿನ ಅಂತರ. ಇಪ್ಪತ್ತು ಲಕ್ಷ ರೂಪಾಯಿಯ ಬಿಲ್ಲು ಅಳತೆ ತೆಗೆದು, ಎಂ.ಬಿ. (ಅಳತೆ ಪುಸ್ತಕ) ಬರೆದು, ಲೆಕ್ಕ ಹಾಕುವುದರಲ್ಲಿ 25 ದಿನ ತಡವಾಯಿತು ಎಂದುಕೊಳ್ಳೋಣ. ವರ್ಷಕ್ಕೆ ಶೇ 12ರ ಬಡ್ಡಿಯಲ್ಲಿ ಆ ತಡದ ಬೆಲೆ ಸುಮಾರು 16,400 ರೂಪಾಯಿ. ತಂತ್ರಾಂಶ ಬಂದ ಮೇಲೆ ಈ ಅಂತರ ಹತ್ತು ದಿನಕ್ಕೆ ಇಳಿದಿದ್ದರೆ ಉಳಿತಾಯ ಎಷ್ಟು ಎಂಬುದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಇದರಲ್ಲಿ ಇನ್ನೊಂದು ಅನುಕೂಲವೂ ಇದೆ: ತಂತ್ರಾಂಶ ಬರುವುದಕ್ಕೆ ಮುಂಚಿನ ಸ್ಥಿತಿ ಹೇಗಿತ್ತು ಎಂಬುದಕ್ಕೆ ಹಳೆಯ ಸೈಟ್ ಡೈರಿಯೂ ಹಳೆಯ ಬಿಲ್ಲುಗಳ ದಿನಾಂಕಗಳೂ ಕಪಾಟಿನಲ್ಲಿಯೇ ಇರುತ್ತವೆ. ಹೋಲಿಕೆಗೆ ಹಿಂದಿನ ಅಂಕಿ ಇಲ್ಲದ ಯಾವ ಉಳಿತಾಯದ ಮಾತನ್ನೂ ನಾನು ಒಪ್ಪುವುದಿಲ್ಲ.

ಯೋಜನೆಯ ಪ್ರಗತಿಯನ್ನು ಮೂರು ಅಂಕಿಗಳಿಂದ ನೋಡುವ ಪದ್ಧತಿಯೂ ಉಪಯುಕ್ತವೇ, ಆದರೆ ಎಚ್ಚರ ಬೇಕು. ಒಂದು ಕೋಟಿ ರೂಪಾಯಿಯ ಗೋದಾಮಿನಲ್ಲಿ ಈ ತಿಂಗಳ ಕೊನೆಗೆ 40 ಲಕ್ಷದ ಕೆಲಸ ಆಗಬೇಕಿತ್ತು, ಆಗಿರುವುದು 32 ಲಕ್ಷದ ಕೆಲಸ, ಅದಕ್ಕೆ ಖರ್ಚಾಗಿರುವುದು 36 ಲಕ್ಷ ಎಂದಿಟ್ಟುಕೊಳ್ಳಿ. 32ನ್ನು 40ರಿಂದ ಭಾಗಿಸಿದರೆ ಬರುವ 0.8 ಕೆಲಸ ಹಿಂದೆ ಬಿದ್ದಿದೆ ಎಂದೂ, 32ನ್ನು 36ರಿಂದ ಭಾಗಿಸಿದರೆ ಬರುವ 0.89 ಖರ್ಚು ಮಿತಿಮೀರಿದೆ ಎಂದೂ ಹೇಳುತ್ತವೆ. ಆದರೆ ಆ 36 ಲಕ್ಷ ಲೆಕ್ಕಿಗರ ಪುಸ್ತಕದಿಂದ ಬಂದದ್ದು. ಈ ತಿಂಗಳು ಬಳಸಿದ ಎಂ-ಸ್ಯಾಂಡಿನ ಬಿಲ್ಲು ಮುಂದಿನ ತಿಂಗಳು ಬರುವುದಿದ್ದರೆ ನಿಜವಾದ ಖರ್ಚು ಅದಕ್ಕಿಂತ ಹೆಚ್ಚು. ಸೈಟಿನ ಅಂಕಿಯೂ ಲೆಕ್ಕದ ಅಂಕಿಯೂ ಒಂದೇ ದಿನಾಂಕದವು ಆಗದ ಹೊರತು ಬಣ್ಣಬಣ್ಣದ ಆ ರೇಖಾಚಿತ್ರ ನೋಡಲು ಮಾತ್ರ ಚೆಂದ.

ಉಳಿತಾಯ ಕಂಡರೂ ಅದರ ಕೀರ್ತಿ ಯಾರಿಗೆ ಎಂಬುದು ಇನ್ನೊಂದು ಜಟಿಲ ಪ್ರಶ್ನೆ. ಕಬ್ಬಿಣದ ದರ ಇಳಿದಿರಬಹುದು, ಮಳೆ ಕಡಿಮೆ ಬಂದಿರಬಹುದು, ಒಳ್ಳೆಯ ಮೇಸ್ತ್ರಿ ಸಿಕ್ಕಿರಬಹುದು. ಆದ್ದರಿಂದ ರೂಪಾಯಿಯಲ್ಲಿ ಅಳೆಯುವುದಕ್ಕಿಂತ ದರದ ಏರಿಳಿತ ತಟ್ಟದ ಅಳತೆಗಳನ್ನು ಆರಿಸಿಕೊಳ್ಳುವುದು ಕ್ಷೇಮ: ನಕ್ಷೆ ಕೇಳಿದ ಕಬ್ಬಿಣಕ್ಕೆ ಹೋಲಿಸಿದರೆ ತುಂಡಾಗಿ ಉಳಿದದ್ದು ಶೇಕಡ ಎಷ್ಟು, ಸೈಟಿನಿಂದ ಹೋದ ಇಂಡೆಂಟಿಗೆ (ಬೇಡಿಕೆ ಚೀಟಿಗೆ) ಸಾಮಾನು ಬಂದದ್ದು ಎಷ್ಟು ದಿನಕ್ಕೆ, ಕಟ್ಟಿ ಒಡೆದ ಕೆಲಸ ಎಷ್ಟು ಚದರ ಅಡಿ. ಎರಡು ಸೈಟುಗಳು ಒಂದೇ ಬಗೆಯವಾಗಿದ್ದರೆ ಒಂದರಲ್ಲಿ ಮೊದಲು ತಂತ್ರಾಂಶ ತಂದು, ಇನ್ನೊಂದರಲ್ಲಿ ಆರು ತಿಂಗಳ ನಂತರ ತಂದರೆ ಹೋಲಿಕೆ ಇನ್ನೂ ನ್ಯಾಯವಾಗುತ್ತದೆ. ಖರ್ಚಿನ ಬದಿಯಲ್ಲಿ ಪರವಾನಗಿಯ ಶುಲ್ಕವನ್ನಷ್ಟೇ ಬರೆಯದೆ, ದಿನವೂ ಸಂಜೆ ಒಂದು ಗಂಟೆ ಅಂಕಿ ತುಂಬಲು ಕೂರುವ ಎಂಜಿನಿಯರ್ ಸಂಬಳದ ಪಾಲನ್ನೂ ಬರೆಯಬೇಕು.

ಅಭಿಪ್ರಾಯ ಸಂಗ್ರಹವನ್ನು ನಾನು ಕೊನೆಗೆ ಇಡುತ್ತೇನೆ. ಒಂದರಿಂದ ಐದರವರೆಗೆ ಅಂಕ ಕೊಡಿ ಎಂದಾಗ ಮಾಲೀಕರು ಐದು ಕೊಟ್ಟು ಸ್ಟೋರ್‌ಕೀಪರ್ ಎರಡು ಕೊಟ್ಟರೆ, ಸರಾಸರಿ ಮೂರೂವರೆ ಎಂದು ಬರೆದುಕೊಳ್ಳುವುದು ಶುದ್ಧ ತಪ್ಪು. ಆ ಮೂರು ಅಂಕಗಳ ಅಂತರವೇ ಅಲ್ಲಿನ ಸುದ್ದಿ. ಮಾಲೀಕರು ಎದುರಿಗಿದ್ದರೆ ಯಾರೂ ನಾಲ್ಕಕ್ಕಿಂತ ಕಡಿಮೆ ಕೊಡುವುದೂ ಇಲ್ಲ.

ಹಿರಿಯೂರಿನ ಮಾರಿಕಣಿವೆಯ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡಿತು. 1933ರ ನಂತರ ಮೊದಲ ಬಾರಿಗೆ 2022ರಲ್ಲಿ ಕೋಡಿ ಬಿದ್ದಾಗ ಜನ ಜಾತ್ರೆಯಂತೆ ನೋಡಲು ಹೋದರು. ಅದನ್ನು ಕಟ್ಟಿದವರ ಬಳಿ ಇದ್ದದ್ದು ಕಾಗದ ಮತ್ತು ಮಸಿ. ಕಾಗದ ಕೆಲಸಕ್ಕೆ ಬಾರದ್ದಲ್ಲ ಎಂಬುದು ನೆನಪಿದ್ದರೆ, ಸಂಸ್ಥೆಯೊಂದರಲ್ಲಿ ಕಂಪ್ಯೂಟರ್ ಬಂದ ಮೇಲೂ ಕಾಗದದ ಪುಸ್ತಕವೊಂದು ಉಳಿದುಕೊಂಡಿದ್ದರೆ ಅದನ್ನು ಹಳೆಯ ಚಾಳಿ ಎಂದು ತಳ್ಳಿಹಾಕದೆ ಬಿಡಿಸಿ ನೋಡುವ ತಾಳ್ಮೆ ಬರುತ್ತದೆ. ತಂತ್ರಾಂಶದ ಜೊತೆಗೆ ಗುಟ್ಟಾಗಿ ನಡೆಯುವ ಎರಡನೆಯ ಲೆಕ್ಕ, ಬಳಸುವವರು ಪರದೆಯನ್ನು ಎಷ್ಟು ನಂಬಿದ್ದಾರೆ ಎಂಬುದಕ್ಕೆ ನೇರವಾದ ಅಳತೆಗೋಲು.

ಎರಡು ದಿನ ಮುನಿಸಿಕೊಂಡಿದ್ದ ಆ ಸ್ಟೋರ್‌ಕೀಪರ್ ಜೇಬಿನಲ್ಲಿ ಅಂಥದೊಂದು ಪುಸ್ತಕವಿತ್ತು. ಮೊದಲ ಸಲ ತೋರಿಸಿದಾಗ ಅದರಲ್ಲಿ ಸಿಮೆಂಟ್, ಕಬ್ಬಿಣ, ಜಲ್ಲಿ, ಡೀಸೆಲ್ ಎಲ್ಲದಕ್ಕೂ ಪುಟಗಳಿದ್ದವು. ಪಟ್ಟಿಯ ಹೆಸರುಗಳು ಒಂದಾಗಿ, ರಾಡಿನ ನಿಜವಾದ ತೂಕ ತಂತ್ರಾಂಶಕ್ಕೆ ಸೇರಿ, ಆರು ತಿಂಗಳಾದ ಮೇಲೆ ಮತ್ತೆ ಕೇಳಿದೆ. ಈಗ ಅದರಲ್ಲಿ ಬರೆಯುತ್ತಿದ್ದದ್ದು ಒಂದೇ ವಿಷಯ: ಪ್ರತಿ ಟಿಪ್ಪರಿನ ನಂಬರು, ಅದು ಗೇಟಿನೊಳಗೆ ಬಂದ ಹೊತ್ತು. ಇದೊಂದನ್ನು ಯಾಕೆ ಬಿಟ್ಟಿಲ್ಲ ಎಂದಾಗ ಅವನು ಫೋನು ತೆರೆದು ತೋರಿಸಿದ, ‘ಇದನ್ನ ಬರೆಯೋಕೆ ಇದರಲ್ಲಿ ಜಾಗಾನೇ ಇಲ್ಲ ಸರ್’ ಎಂದ. ಮಾಲೀಕರಿಗೆ ಕೊಟ್ಟ ವರದಿಯಲ್ಲಿ ಆ ಎರಡು ಕಾಲಮ್ಮುಗಳನ್ನು ಸೇರಿಸಬೇಕೆಂದು ಬರೆದೆ.